ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ಪ್ರಯಾಣದ ಗಂಟೆ ಲೆಕ್ಕ ಹಾಕುವುದು ಹೇಗೆ?

ಡಿಸೆಂಬರಿನ ಒಂದು ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರಲ್ಲಿ ವಿಮಾನ ಹತ್ತುತ್ತೀರಿ ಅಂದುಕೊಳ್ಳಿ. ನೇರ ವಿಮಾನವಾದರೆ ಅದೇ ಸೋಮವಾರ ಸಂಜೆ 5ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಯುತ್ತೀರಿ. ಟಿಕೆಟ್ ನೋಡಿದರೆ ಬರೀ ಮೂರು ಗಂಟೆ! ಮಗಳ ಬಾಣಂತನಕ್ಕೋ ಮೊಮ್ಮಗನನ್ನು ನೋಡಲಿಕ್ಕೋ ಮೊದಲ ಸಲ ಹೊರಟವರು ಗೊಂದಲಕ್ಕೆ ಬೀಳುವುದು ಇಲ್ಲೇ. ಶುಗರ್ ಮಾತ್ರೆಗೆ, ಊಟಕ್ಕೆ, ನಿದ್ದೆಗೆ ಬೇಕಾಗಿರುವುದು ಗಡಿಯಾರ ತೋರಿಸುವ ಹೊತ್ತಲ್ಲ, ನಿಜವಾಗಿ ಕಳೆಯುವ ಗಂಟೆಗಳು.

ಮೊದಲು ದೂರ ಅಳೆಯೋಣ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಡಬೇಡಿ, ಅಳತೆ ತಪ್ಪುತ್ತದೆ. ಮಕ್ಕಳ ಗ್ಲೋಬ್ ಮತ್ತು ಒಂದು ದಾರ ತನ್ನಿ. ದಾರದ ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಸ್ಯಾನ್ ಫ್ರಾನ್ಸಿಸ್ಕೊವರೆಗೆ ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ಮೇಲೆ ಅಡ್ಡಡ್ಡ ನಿಲ್ಲುವುದಿಲ್ಲ. ಜಾರಿ ಜಾರಿ ಉತ್ತರಕ್ಕೆ ಸರಿಯುತ್ತದೆ. ಚೀನಾ, ಸೈಬೀರಿಯಾ ದಾಟಿ, ಅಲಾಸ್ಕಾದ ಕಡೆಯಿಂದ ಕೆಳಗಿಳಿಯುತ್ತದೆ. ಅದೇ ಎಲ್ಲಕ್ಕಿಂತ ಹತ್ತಿರದ ದಾರಿ. ನನಗಂತೂ ಇದನ್ನು ಎಷ್ಟು ಸಲ ನೋಡಿದರೂ ಬೆರಗು.

ಗ್ಲೋಬಿನ ಅಡ್ಡಳತೆ 30 ಸೆಂ.ಮೀ. ಇದ್ದರೆ ದಾರ ಸುಮಾರು 33 ಸೆಂ.ಮೀ. ಬರುತ್ತದೆ. ಅಂಥ ಗ್ಲೋಬಿನಲ್ಲಿ ಒಂದು ಸೆಂ.ಮೀ. ಅಂದರೆ ಸುಮಾರು 424 ಕಿ.ಮೀ. ಗುಣಿಸಿದರೆ 14,000 ಕಿ.ಮೀ. ಹತ್ತಿರ ಬಂತು, ಅಲ್ವಾ? 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದಾಗ ಉತ್ತರ ಧ್ರುವದ ಮೇಲಿಂದಲೇ ಹಾರಿದ್ದರು. ಸುಮಾರು 17 ಗಂಟೆ ಹಿಡಿದಿತ್ತು.

ಈಗ ಹಾರಾಟದ ಹೊತ್ತು. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹದಿನೈದೂವರೆ ಗಂಟೆ. ಏರಲು, ಇಳಿಯಲು, ರನ್‌ವೇವರೆಗೆ ಉರುಳಲು ಇನ್ನರ್ಧ ಗಂಟೆ ಸೇರಿಸಿ. ಎದುರು ಗಾಳಿ ಸಿಕ್ಕರೆ, ದಾರಿ ಸುತ್ತಾದರೆ ಇನ್ನೂ ಜಾಸ್ತಿ. ಹದಿನಾರೂವರೆ ಅಂತ ಇಟ್ಟುಕೊಳ್ಳಿ.

ಟಿಕೆಟ್ ಓದುವಾಗ ನೆನಪಿಡಿ, ಅದರಲ್ಲಿರುವುದು ಆಯಾ ಊರಿನ ಸಮಯ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನಿಂದ ನವೆಂಬರ್ ಆರಂಭದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆಗ ಹನ್ನೆರಡೂವರೆ. ಇಳಿಯುವ ಹೊತ್ತಿಗೆ ಈ ವ್ಯತ್ಯಾಸ ಕೂಡಿಸಿ. ಸೋಮವಾರ ಸಂಜೆ 5 ಅಂದರೆ ನಮ್ಮಲ್ಲಿ ಮಂಗಳವಾರ ಬೆಳಗ್ಗೆ 6.30. ಅದರಿಂದ ಹೊರಟ ಹೊತ್ತನ್ನು ಕಳೆಯಿರಿ. ಹದಿನಾರೂವರೆ ಗಂಟೆ ಸಿಕ್ಕಿತು. ವಾಪಸ್ ಬರುವಾಗ ಉಲ್ಟಾ: ಸೋಮವಾರ ರಾತ್ರಿ ಹೊರಟರೆ ಬುಧವಾರ ಬೆಳಗಿನ ಜಾವ ಇಳಿಯುತ್ತೀರಿ. ಟಿಕೆಟ್ ಮೇಲೆ ಸಣ್ಣದಾಗಿ +2 ಅಂತ ಇರುವುದು ಅದಕ್ಕೇ. ಕರೆತರಲು ಬರುವವರಿಗೆ ತಾರೀಖು ಬಿಡಿಸಿ ಹೇಳಿ.

ನೇರ ವಿಮಾನ ಸಿಗದೆ ಫ್ರಾಂಕ್‌ಫರ್ಟ್ ಮೂಲಕ ಹೋದರೆ ದೂರ ಸುಮಾರು 16,500 ಕಿ.ಮೀ. ಆಗುತ್ತದೆ. ಅಲ್ಲಿ ಕಾಯುವ ಹೊತ್ತು ಬೇರೆ.

ಕೊನೆಗೆ ಮನೆಯ ಬಾಗಿಲಿಂದ ಎಣಿಸಿ. ಮೈಸೂರಿನವರಾದರೆ ದೇವನಹಳ್ಳಿಗೆ ನಾಲ್ಕೈದು ಗಂಟೆ. ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಇಳಿದ ಮೇಲೆ ಇಮಿಗ್ರೇಷನ್ ಸಾಲು, ಲಗೇಜು, ಮಗನ ಕಾರು ಸೇರಿ ಎರಡು ಗಂಟೆ. ನೇರ ವಿಮಾನದಲ್ಲೂ ಒಟ್ಟು ಸುಮಾರು 26 ಗಂಟೆ ಆಯಿತು. ಅಷ್ಟು ಹೊತ್ತಿನ ಮಾತ್ರೆ, ಮೇಲೆ ಇನ್ನೆರಡು ದಿನದ್ದು, ಕೈಚೀಲದಲ್ಲೇ ಇರಲಿ. ದೊಡ್ಡ ಸೂಟ್‌ಕೇಸಿಗೆ ಹಾಕಬೇಡಿ.