ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುತ್ತೀರಾ? ಮನೆ ವಿಮೆಯನ್ನು ಹೀಗೆ ಕೊಳ್ಳಿ

ಇಂಗ್ಲೆಂಡಿನಲ್ಲಿ ಚೈಲ್ಡ್‌ಮೈಂಡರ್ (ಹಣ ಪಡೆದು ಬೇರೆಯವರ ಮಕ್ಕಳನ್ನು ತಮ್ಮ ಮನೆಯಲ್ಲಿ ನೋಡಿಕೊಳ್ಳುವವರು) ಆಗಲು ಹೊರಟವರ ಶ್ರದ್ಧೆ ನೋಡಬೇಕು. ಮಕ್ಕಳ ಪ್ರಥಮ ಚಿಕಿತ್ಸೆಯ ತರಬೇತಿ, ಡಿಬಿಎಸ್ (ಅಪರಾಧ ದಾಖಲೆಯ) ಪರಿಶೀಲನೆ, ಮೆಟ್ಟಿಲಿಗೆ ಗೇಟು, ಅಡುಗೆಮನೆಯ ಕಪಾಟುಗಳಿಗೆ ಚಿಲಕ, ಆಫ್‌ಸ್ಟೆಡ್ (ಶಾಲೆ, ಶಿಶುಪಾಲನೆಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ) ತಪಾಸಣೆಗೆ ಕಡತದ ಮೇಲೆ ಕಡತ. ಇಷ್ಟೆಲ್ಲ ಮುಗಿದ ಮೇಲೆ ಒಂದು ಸಂಜೆ ಗಂಡ ಲ್ಯಾಪ್‌ಟಾಪ್ ತೆರೆದು ದರ ಹೋಲಿಸುವ ಜಾಲತಾಣದಲ್ಲಿ ನಾಲ್ಕು ಗುಂಡಿ ಒತ್ತಿ, ಪಟ್ಟಿಯ ಮೊದಲಿಗೆ ಬಂದ ಮನೆ ವಿಮೆಯನ್ನು ಕೊಂಡು ‘ಆಯಿತು ಬಿಡು’ ಎನ್ನುತ್ತಾರೆ. ಇಷ್ಟು ಹೊತ್ತೂ ಅಚ್ಚುಕಟ್ಟಾಗಿ ನಡೆದ ಕೆಲಸ ಕೆಡುವುದು ಅಲ್ಲಿಯೇ. ಲಂಡನ್, ರೆಡಿಂಗ್, ಮಿಲ್ಟನ್ ಕೀನ್ಸ್ ಕಡೆಯ ನಮ್ಮವರಲ್ಲಿ ಇದೇ ಎಡವಟ್ಟು ಮತ್ತೆ ಮತ್ತೆ ಕಾಣುತ್ತಿರುವುದರಿಂದ ಈ ಲೇಖನ.

ನಿಯಮಗಳು ಇಂಗ್ಲೆಂಡಿನವು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ನೋಂದಣಿ ಮಾಡುವ ಸಂಸ್ಥೆಗಳು ಬೇರೆ. ವಿಮೆ ಕೊಳ್ಳುವ ಕ್ರಮ ಮಾತ್ರ ಹೆಚ್ಚುಕಡಿಮೆ ಇದೇ.

ಮೊದಲು: ಬೇಕಿರುವುದು ಎರಡು ವಿಮೆ

ಎಂಟು ವರ್ಷದೊಳಗಿನ ಮಕ್ಕಳನ್ನು ನಿಮ್ಮ ಮನೆಯಲ್ಲಿ ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಹೊತ್ತು, ಹಣ ಪಡೆದು ನೋಡಿಕೊಳ್ಳುವುದಾದರೆ ಆಫ್‌ಸ್ಟೆಡ್‌ನಲ್ಲೋ ಚೈಲ್ಡ್‌ಮೈಂಡರ್ ಏಜೆನ್ಸಿಯಲ್ಲೋ ನೋಂದಣಿ ಕಡ್ಡಾಯ. ನೋಂದಾಯಿತರು ಪಬ್ಲಿಕ್ ಲಯಬಿಲಿಟಿ ವಿಮೆ ಹೊಂದಿರಲೇಬೇಕು. ನಿಮ್ಮ ಸುಪರ್ದಿನಲ್ಲಿರುವ ಮಗುವಿಗೆ ಏಟಾಗಿ ಪೋಷಕರು ಪರಿಹಾರ ಕೇಳಿದರೆ, ಮಗು ಪಕ್ಕದ ಮನೆಯವರ ಕಾರಿಗೆ ಕಲ್ಲು ಎಸೆದರೆ ನೆರವಿಗೆ ಬರುವುದು ಅದು. ಅದನ್ನು ಚೈಲ್ಡ್‌ಮೈಂಡರ್‌ಗಳಿಗೆಂದೇ ಪಾಲಿಸಿ ಮಾರುವ ಕಂಪನಿಗಳಿಂದ ಕೊಳ್ಳಿ. ದರ ದೊಡ್ಡದಲ್ಲ, ತೆರಿಗೆ ಲೆಕ್ಕದಲ್ಲಿ ವ್ಯವಹಾರದ ಖರ್ಚಾಗಿಯೂ ತೋರಿಸಬಹುದು.

ಆದರೆ ಅದೇ ಮಗು ನಿಮ್ಮ ಟಿವಿಯನ್ನು ಬೀಳಿಸಿದರೆ? ಬೇರೆಯವರಿಗಾದ ನಷ್ಟಕ್ಕೆ ಇರುವ ವಿಮೆ ನಿಮ್ಮದೇ ವಸ್ತುವಿಗೆ ಒದಗುವುದಿಲ್ಲ. ಇತ್ತ ಮನೆ ವಿಮೆಯಲ್ಲೂ ಒಂದು ಲಯಬಿಲಿಟಿ ಭಾಗವಿರುತ್ತದೆ, ಆದರೆ ಅದು ಮನೆಯಲ್ಲಿ ನಡೆಯುವ ವ್ಯಾಪಾರವನ್ನು ಹೊರಗಿಟ್ಟಿರುತ್ತದೆ. ಒಂದು ಇದ್ದರೆ ಇನ್ನೊಂದು ಬೇಡ ಎಂದು ಎರಡೂ ದಿಕ್ಕಿನಿಂದ ತಪ್ಪು ತಿಳಿದವರಿದ್ದಾರೆ. ಎರಡೂ ಬೇಕು. ಸಂಬಳಕ್ಕೆ ಸಹಾಯಕಿಯನ್ನು ಇಟ್ಟುಕೊಂಡರೆ ಎಂಪ್ಲಾಯರ್ಸ್ ಲಯಬಿಲಿಟಿಯೂ (ಕೆಲಸದವರಿಗೆ ಏಟು, ಕಾಯಿಲೆಯಾದರೆ ಪರಿಹಾರಕ್ಕೆ ಇರುವ ವಿಮೆ) ಸೇರಬೇಕು. ಕಾನೂನು ಕೇಳುವುದು ಕನಿಷ್ಠ 50 ಲಕ್ಷ ಪೌಂಡ್‌ಗಳ ರಕ್ಷಣೆ, ಇಲ್ಲದಿದ್ದರೆ ದಿನಕ್ಕೆ 2,500 ಪೌಂಡ್‌ವರೆಗೆ ದಂಡ. ಚೈಲ್ಡ್‌ಮೈಂಡರ್ ಪಾಲಿಸಿಯಲ್ಲಿ ಅದು ಸೇರಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಎರಡನೆಯದು: ಮೊತ್ತ ನಿಗದಿ ಮಾಡಿ

ಬಾಡಿಗೆ ಮನೆಯಾದರೆ ಒಳಗಿನ ಸಾಮಾನಿಗೆ ಮಾತ್ರ ವಿಮೆ ಸಾಕು, ಕಟ್ಟಡದ್ದು ಮಾಲೀಕರ ಜವಾಬ್ದಾರಿ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಅವರ ಒಪ್ಪಿಗೆ ಮಾತ್ರ ಬರಹದಲ್ಲಿರಲಿ. ಸಾಲದ ಮೇಲೆ ಕೊಂಡ ಮನೆಯಾದರೆ ಸಾಲ ಕೊಟ್ಟವರಿಗೆ, ಲೀಸ್‌ಹೋಲ್ಡ್ ಫ್ಲ್ಯಾಟ್ ಆದರೆ ಫ್ರೀಹೋಲ್ಡರ್‌ಗೆ (ಕಟ್ಟಡ, ಜಾಗದ ಮೂಲ ಒಡೆಯರಿಗೆ) ತಿಳಿಸಿ.

ಸ್ವಂತ ಮನೆಯವರು ಮಾಡುವ ದುಬಾರಿ ತಪ್ಪು ಒಂದಿದೆ. ಮನೆ ಕೊಂಡ ಬೆಲೆಗೇ ಕಟ್ಟಡ ವಿಮೆ ಮಾಡಿಸುವುದು. ನಾಲ್ಕೂವರೆ ಲಕ್ಷ ಪೌಂಡ್ ಕೊಟ್ಟ ಮನೆಯಲ್ಲಿ ಜಾಗದ ಬೆಲೆಯೇ ದೊಡ್ಡ ಪಾಲು, ಜಾಗ ಸುಟ್ಟುಹೋಗುವುದಿಲ್ಲ. ಕೇಳಬೇಕಾದದ್ದು ಮನೆಯನ್ನು ಮತ್ತೆ ಕಟ್ಟುವ ವೆಚ್ಚ. ಕಟ್ಟಡ ವೆಚ್ಚದ ಮಾಹಿತಿ ಸಂಸ್ಥೆಯಾದ ‘ಬಿಸಿಐಎಸ್’ ಇದಕ್ಕೆ ಲೆಕ್ಕಯಂತ್ರವೊಂದನ್ನು ಜನರಿಗೆ ಒದಗಿಸಿದೆ, ಬಳಸಿ. ಕೆಲವು ಕಂಪನಿಗಳು ಮೊತ್ತ ಕೇಳದೆ ಹತ್ತು ಲಕ್ಷ ಪೌಂಡ್‌ವರೆಗೆ ಎಂದು ಸಾರಾಸಗಟು ರಕ್ಷಣೆ ಕೊಡುತ್ತವೆ. ಅಲ್ಲಿ ಈ ತಲೆನೋವಿಲ್ಲ.

ಸಾಮಾನಿನ ವಿಷಯದಲ್ಲಿ ಇದಕ್ಕೆ ತಿರುಗುಮುರುಗು: ಎಲ್ಲರೂ ಕಡಿಮೆ ಹೇಳುತ್ತಾರೆ. ಕೋಣೆಯಿಂದ ಕೋಣೆಗೆ ಮೊಬೈಲ್ ಹಿಡಿದು ವಿಡಿಯೊ ಮಾಡಿಕೊಂಡು ಪಟ್ಟಿ ಬರೆಯಿರಿ. ಜೋಡಿ ತಳ್ಳುಗಾಡಿ, ಎತ್ತರದ ಕುರ್ಚಿಗಳು, ತೊಟ್ಟಿಲು, ಆಟಿಕೆಗಳನ್ನು ಪ್ರತ್ಯೇಕ ಬರೆಯಿರಿ. ಅವು ವ್ಯವಹಾರದ ಸಾಮಾನು, ಮನೆ ಪಾಲಿಸಿಯಲ್ಲಿ ಅದಕ್ಕೆ ಬೇರೆಯೇ ಮಿತಿ ಇರಬಹುದು.

ಇನ್ನು ಬಂಗಾರ. ನಮ್ಮ ಮನೆಗಳಲ್ಲಿ ಒಂದು ಅವಲಕ್ಕಿ ಸರ, ಎರಡು ಜೊತೆ ಬಳೆ ಇದ್ದೇ ಇರುತ್ತವೆ. ಇಲ್ಲಿನ ಪಾಲಿಸಿಗಳಲ್ಲಿ ಹೆಸರಿಸದ ಒಂದು ವಸ್ತುವಿಗೆ ಸಾಮಾನ್ಯವಾಗಿ ಸಾವಿರದಿಂದ ಎರಡೂವರೆ ಸಾವಿರ ಪೌಂಡ್‌ಗಳ ಮಿತಿ ಇರುತ್ತದೆ. ಅದಕ್ಕಿಂತ ಬೆಲೆಬಾಳುವ ಒಡವೆಯನ್ನು ಹೆಸರು ಹಿಡಿದು ಬರೆಸದಿದ್ದರೆ, ಕಳೆದಾಗ ಬರುವುದು ಆ ಮಿತಿಯಷ್ಟೇ. ಬೆಲೆಪತ್ರವನ್ನು ಈಗಿನ ದರಕ್ಕೆ ಮಾಡಿಸಿ; ಮದುವೆಯ ವರ್ಷದ ರಸೀದಿ ಸಾಲದು. ತೊಡದೆ ಇಟ್ಟ ಒಡವೆಯನ್ನು ಬ್ಯಾಂಕಿನ ಇಲ್ಲವೇ ಖಾಸಗಿ ಲಾಕರಿಗೆ ಕಳಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಸರಳ. ಹತ್ತು ಮನೆಯವರು ದಿನವೂ ಬಂದು ಹೋಗುವ ಮನೆ ಅದು.

ಮೂರನೆಯದು: ಅರ್ಜಿಯ ಎರಡು ಪ್ರಶ್ನೆಗಳು

ಎಲ್ಲರೂ ಮುಗ್ಗರಿಸುವುದು ಇಲ್ಲಿ, ನಿಧಾನವಾಗಿ ಓದಿ.

ಊರಿನಲ್ಲಿ ವಿಮೆಯೆಂದರೆ ಏಜೆಂಟರು ಮನೆಗೆ ಬಂದು, ಕಾಫಿ ಕುಡಿದು, ಅರ್ಜಿಯನ್ನು ತಾವೇ ತುಂಬಿ, ಪೆನ್ಸಿಲ್ ಗುರುತಿಟ್ಟ ಕಡೆಗಳಲ್ಲಿ ಸಹಿ ಹಾಕಿಸಿಕೊಂಡು ಹೋಗುವುದು ರೂಢಿ. ಇಲ್ಲಿ ಒಂದೊಂದು ಚೌಕಕ್ಕೂ ಗುರುತು ಹಾಕುವವರು ನೀವು, ಹೊಣೆಯೂ ನಿಮ್ಮದು. 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ ಕಂಪನಿ ಕೇಳಿದ ಪ್ರಶ್ನೆಗೆ ತಪ್ಪು ಮಾಹಿತಿ ಹೋಗದಂತೆ ನೀವು ತಕ್ಕಮಟ್ಟಿನ ಎಚ್ಚರ ವಹಿಸಬೇಕು.

ಮೊದಲ ಪ್ರಶ್ನೆ: ಉದ್ಯೋಗ. ಪಾಲಿಸಿ ಗಂಡನ ಹೆಸರಿನಲ್ಲಿರುತ್ತದೆ, ಅವರು ‘ಸಾಫ್ಟ್‌ವೇರ್ ಎಂಜಿನಿಯರ್’ ಎಂದು ತುಂಬುತ್ತಾರೆ. ಹೆಂಡತಿಯ ಹೆಸರನ್ನು ಸೇರಿಸುವುದೇ ಇಲ್ಲ, ಇಲ್ಲವೇ ಸೇರಿಸಿ ‘ಗೃಹಿಣಿ’ ಎನ್ನುತ್ತಾರೆ. ಪಟ್ಟಿಯಲ್ಲಿ ನ್ಯಾನಿ, ನರ್ಸರಿ ಸಹಾಯಕಿ, ಚೈಲ್ಡ್‌ಮೈಂಡರ್ ಎಂದು ಬೇರೆ ಬೇರೆ ಇರುತ್ತದೆ. ನ್ಯಾನಿ ಹಾಕಿದರೆ ಐದು ಪೌಂಡ್ ಕಡಿಮೆಯಾಗುತ್ತದೆ ಎಂದು ಸಲಹೆ ಕೊಡುವ ಮಹನೀಯರೂ ಇದ್ದಾರೆ. ನ್ಯಾನಿ ಕೆಲಸ ಮಾಡುವುದು ಮಗುವಿನ ಮನೆಯಲ್ಲಿ, ನೀವು ಮಾಡುವುದು ನಿಮ್ಮ ಮನೆಯಲ್ಲಿ. ವಿಮೆ ಕಂಪನಿಗೆ ಬೇಕಿರುವ ವ್ಯತ್ಯಾಸವೇ ಅದು. ಎರಡೂ ಹೆಸರು ಹಾಕಿ, ‘ಚೈಲ್ಡ್‌ಮೈಂಡರ್’ ಎಂದೇ ಆರಿಸಿ.

ಎರಡನೆಯದು ಇನ್ನೂ ಸೂಕ್ಷ್ಮ: ಮನೆಯನ್ನು ವ್ಯಾಪಾರಕ್ಕೆ ಬಳಸುತ್ತೀರಾ? ಉತ್ತರಗಳು ಸಾಮಾನ್ಯವಾಗಿ ಮೂರು ಬಗೆ: ‘ಇಲ್ಲ’, ‘ಕಚೇರಿಯ ಕಾಗದಪತ್ರದ ಕೆಲಸಕ್ಕೆ ಮಾತ್ರ’, ‘ಹೌದು, ಹೊರಗಿನವರು ಬಂದು ಹೋಗುತ್ತಾರೆ’. ‘ನಾಲ್ಕು ಮಕ್ಕಳನ್ನು ಆಡಿಸುವುದೂ ಒಂದು ವ್ಯಾಪಾರವೇ?’ ಎಂದು ಮೊದಲನೆಯದನ್ನೋ, ಗಂಡ ಮನೆಯಿಂದಲೇ ಕೆಲಸ ಮಾಡುವುದರಿಂದ ಎರಡನೆಯದನ್ನೋ ಒತ್ತುತ್ತಾರೆ. ಸರಿಯಾದದ್ದು ಮೂರನೆಯದು. ಕೆಲವು ಜಾಲತಾಣಗಳಲ್ಲಿ ಈ ಪ್ರಶ್ನೆ ಕಣ್ಣಿಗೇ ಬೀಳುವುದಿಲ್ಲ. ‘ನಿಮ್ಮ ಬಗ್ಗೆ ನಾವು ಹೀಗೆ ಭಾವಿಸಿದ್ದೇವೆ’ ಎಂಬ ಶೀರ್ಷಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಮನೆ ವಾಸಕ್ಕೆ ಮಾತ್ರ ಬಳಕೆಯಾಗುತ್ತಿದೆ’ ಎಂದು ಮೊದಲೇ ಬರೆದಿಟ್ಟಿರುತ್ತಾರೆ. ‘ಒಪ್ಪಿದ್ದೇನೆ’ ಎಂದು ಒತ್ತಿದರೆ ನೀವೇ ಹೇಳಿದಂತೆ. ಆ ಪಟ್ಟಿಯನ್ನು ಬಿಡಿಸಿ, ಸಾಲು ಸಾಲಾಗಿ ಓದಿ.

ತಪ್ಪು ಹೇಳಿದರೆ ಏನಾಗುತ್ತದೆ? ಬೇಕೆಂದೇ ಮುಚ್ಚಿಟ್ಟಿದ್ದರೆ ಪಾಲಿಸಿಯೇ ರದ್ದು, ಕಟ್ಟಿದ ಹಣವನ್ನೂ ಅವರು ಉಳಿಸಿಕೊಳ್ಳಬಹುದು. ಅಜಾಗರೂಕತೆಯಿಂದ ಆಗಿದ್ದರೆ, ನಿಜ ತಿಳಿದಿದ್ದರೆ ತಾವು ಏನು ಮಾಡುತ್ತಿದ್ದೆವು ಎಂದು ಕಂಪನಿ ಲೆಕ್ಕ ಹಾಕುತ್ತದೆ. ವಿಮೆಯನ್ನೇ ಕೊಡುತ್ತಿರಲಿಲ್ಲ ಎಂದಾದರೆ ಪ್ರೀಮಿಯಂ ಹಿಂದಿರುಗಿಸಿ ಕೈತೊಳೆದುಕೊಳ್ಳುತ್ತದೆ. 300 ಪೌಂಡ್ ಕೇಳುತ್ತಿದ್ದೆವು, ಇವರು ಕಟ್ಟಿದ್ದು 200 ಎಂದಾದರೆ ಪರಿಹಾರವೂ ಮೂರರಲ್ಲಿ ಎರಡು ಪಾಲು: ನೀರಿನ ಕೊಳವೆ ಒಡೆದು 9,000 ಪೌಂಡ್ ನಷ್ಟವಾದರೆ ಕೈಗೆ ಬರುವುದು 6,000. ನೂರು ಪೌಂಡ್ ಉಳಿಸಿದ್ದಕ್ಕೆ ಮೂರು ಸಾವಿರ ಹೋಯಿತು. ಕೊಳವೆ ಒಡೆದದ್ದಕ್ಕೂ ಮಕ್ಕಳಿಗೂ ಸಂಬಂಧವೇ ಇಲ್ಲ ಎಂಬ ವಾದ ಇಲ್ಲಿ ಸಾಮಾನ್ಯವಾಗಿ ಉಳಿಸುವುದಿಲ್ಲ. ಲೆಕ್ಕ ನಡೆಯುವುದು ಪ್ರೀಮಿಯಂ ಮೇಲೆ. ಜೊತೆಗೆ, ಪಾಲಿಸಿ ಒಮ್ಮೆ ರದ್ದಾದರೆ ಮುಂದೆ ಪ್ರತಿಯೊಂದು ಕಂಪನಿಯೂ ‘ನಿಮ್ಮ ವಿಮೆ ಎಂದಾದರೂ ರದ್ದಾಗಿತ್ತೇ’ ಎಂದು ಕೇಳುತ್ತದೆ. ಕಾರಿನ ವಿಮೆಗೂ ಆ ಕಪ್ಪುಚುಕ್ಕೆ ಅಂಟಿಕೊಳ್ಳುತ್ತದೆ.

ತಮಾಷೆಯೆಂದರೆ, ನಿಜ ಹೇಳಿದರೆ ದರ ಆಕಾಶಕ್ಕೇರುತ್ತದೆ ಎಂಬ ಭಯಕ್ಕೆ ಹೆಚ್ಚಿನ ಸಲ ಆಧಾರವಿರುವುದಿಲ್ಲ. ಲಯಬಿಲಿಟಿ ವಿಮೆ ಬೇರೆ ಇದೆ ಎಂದು ತಿಳಿದ ಮೇಲೆ ಒಂದು ಪೌಂಡ್ ಕೂಡ ಏರಿಸದೆ ಒಪ್ಪುವ ಕಂಪನಿಗಳಿವೆ. ಬೇಡ ಎನ್ನುವವೂ ಇವೆ. ಹುಡುಕಾಟ ಎಂದರೆ ಮೊದಲಿನವರನ್ನು ಹುಡುಕುವುದು.

ನಾಲ್ಕನೆಯದು: ಫೋನ್ ಎತ್ತಿ

ಹೋಲಿಕೆ ಜಾಲತಾಣ ಮಾರುಕಟ್ಟೆಯ ದರ ತಿಳಿಯಲು ಸಾಕು, ಕೊಳ್ಳಲು ಸಾಲದು. ಅಲ್ಲಿ ಬಂದ ಹೆಸರುಗಳಲ್ಲಿ ನಾಲ್ಕೈದನ್ನು ಆರಿಸಿ ನೇರವಾಗಿ ಕರೆ ಮಾಡಿ. ನಿಮ್ಮ ಲಯಬಿಲಿಟಿ ವಿಮೆಯವರು ಮನೆ ವಿಮೆಯನ್ನೂ ಮಾರುತ್ತಾರೆಯೇ ಕೇಳಿ. ಯಾರೂ ಒಪ್ಪದಿದ್ದರೆ ಬ್ರಿಟಿಷ್ ವಿಮಾ ದಲ್ಲಾಳಿಗಳ ಸಂಘವಾದ ‘ಬಿಬಾ’ದ ಮೂಲಕ ಒಬ್ಬ ಬ್ರೋಕರ್ ಹಿಡಿಯಿರಿ. ಬ್ರೋಕರ್ ಎಂದರೆ ದುಬಾರಿ ಎಂದು ಹೆದರುವವರ ಮಾತಿಗೆ ಕಿವಿಗೊಡಬೇಡಿ.

ಫೋನಿನಲ್ಲಿ ಮೊದಲ ಮಾತೇ ಇದಾಗಿರಲಿ: ‘ನಾನು ನೋಂದಾಯಿತ ಚೈಲ್ಡ್‌ಮೈಂಡರ್. ಮನೆಯಲ್ಲಿ ಒಂದು ಸಲಕ್ಕೆ ಇಷ್ಟು ಮಕ್ಕಳಿರುತ್ತಾರೆ. ಲಯಬಿಲಿಟಿ ವಿಮೆ ಪ್ರತ್ಯೇಕ ಇದೆ.’ ಇಪ್ಪತ್ತು ನಿಮಿಷ ವಿವರ ಕೊಟ್ಟ ಮೇಲೆ ಇದನ್ನು ಹೇಳಿದರೆ ಎಲ್ಲ ಮತ್ತೆ ಮೊದಲಿನಿಂದ. ಅವರು ಒಪ್ಪಿದ ಮೇಲೆ ಕೇಳಬೇಕಾದವು: ಬಾಗಿಲು ಒಡೆಯದೆ ಆದ ಕಳವಿಗೆ ಪರಿಹಾರ ಇದೆಯೇ? ವ್ಯಾಪಾರಕ್ಕೆ ಬಳಸುವ ಮನೆಯಾದರೆ ಅನೇಕ ಪಾಲಿಸಿಗಳು ಬಲವಂತದ ಪ್ರವೇಶದ ಗುರುತು ಕೇಳುತ್ತವೆ. ಮಗುವನ್ನು ಕರೆದೊಯ್ಯಲು ಬಂದವರ ಹಿಂದೆ ನುಸುಳಿ ಮೇಜಿನ ಮೇಲಿನ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದವನು ಬಾಗಿಲು ಒಡೆದಿರುವುದಿಲ್ಲ. ನೋಡಿಕೊಳ್ಳುವ ಮಕ್ಕಳು ಮಾಡಿದ ಹಾನಿಗೆ ಪರಿಹಾರ ಇದೆಯೇ? ವ್ಯವಹಾರದ ಸಾಮಾನಿಗೆ ಮಿತಿ ಎಷ್ಟು?

ಎಲ್ಲ ಉತ್ತರವನ್ನೂ ಇಮೇಲ್‌ನಲ್ಲಿ ತರಿಸಿಕೊಳ್ಳಿ. ಕರೆಯ ದಿನಾಂಕ, ಮಾತನಾಡಿದವರ ಹೆಸರು ಗುರುತು ಮಾಡಿಕೊಳ್ಳಿ. ‘ಅದೆಲ್ಲ ಏನೂ ತೊಂದರೆಯಿಲ್ಲ ಮೇಡಂ’ ಎಂಬ ಬಾಯಿಮಾತಿಗೆ ಕ್ಲೇಮ್ ವಿಭಾಗದಲ್ಲಿ ಬೆಲೆಯಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಆಕಸ್ಮಿಕ ಹಾನಿಯ ಹೆಚ್ಚುವರಿ ರಕ್ಷಣೆ ಎಂದು ಕೆಲವು ಹತ್ತು ಪೌಂಡ್ ಸೇರಿಸಿ ಮಾರುತ್ತಾರೆ. ಪುಟ್ಟ ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದಂತೆ ಕೇಳಿಸುತ್ತದೆ. ನಿಬಂಧನೆ ಬಿಡಿಸಿ ನೋಡಿದರೆ, ಹಣ ಕೊಟ್ಟು ಮನೆಯಲ್ಲಿರುವವರು ಅಥವಾ ವ್ಯಾಪಾರಕ್ಕೆ ಬಂದವರು ಮಾಡಿದ ಹಾನಿ ಹೊರಗೆ ಎಂದಿರುತ್ತದೆ. ಅಂದರೆ ನಿಮ್ಮ ಸ್ವಂತ ಮಗ ಟಿವಿ ಒಡೆದರೆ ಹಣ, ಪಕ್ಕದ ಬೀದಿಯ ಹುಡುಗ ಒಡೆದರೆ ಇಲ್ಲ. ಚೈಲ್ಡ್‌ಮೈಂಡರ್‌ಗೆ ಅಂಥ ರಕ್ಷಣೆ ದಂಡ. ಟಿವಿಯನ್ನು ಗೋಡೆಗೆ ಬಿಗಿಸಿ, ಆ ಹಣ ಉಳಿಸಿ.

ದರ ಇಳಿಸುವ ಜಾಗ ಬೇರೆ ಇದೆ

ಈಗಿನ ಪಾಲಿಸಿ ಮುಗಿಯುವ ದಿನಕ್ಕೆ ಮೂರು ವಾರ ಮುಂಚೆ ಕೊಳ್ಳಿ. ಕೊನೆಯ ದಿನ ಕೊಳ್ಳುವವರಿಗೆ ದರ ಹೆಚ್ಚು. ತಿಂಗಳ ಕಂತು ಬೇಡ, ಹೆಚ್ಚಿನ ಕಡೆ ಅದು ಬಡ್ಡಿ ಸಾಲ. ವರ್ಷದ್ದನ್ನು ಒಟ್ಟಿಗೆ ಕಟ್ಟಿ. ಎಕ್ಸೆಸ್ ಮೊತ್ತವನ್ನು, ಅಂದರೆ ಪ್ರತಿ ಕ್ಲೇಮ್‌ನಲ್ಲಿ ನೀವೇ ಭರಿಸುವ ಪಾಲನ್ನು, ತುಸು ಏರಿಸಿ. ಒಡೆದ ಹೂಜಿಗೆಲ್ಲ ಕ್ಲೇಮ್ ಮಾಡುವುದು ಹೇಗೂ ಲಾಭದಾಯಕವಲ್ಲ, ಮುಂದಿನ ವರ್ಷಗಳ ದರ ಏರುತ್ತದೆ. ಕಾನೂನು ಖರ್ಚಿನ ರಕ್ಷಣೆ, ತುರ್ತು ರಿಪೇರಿ ಸೇವೆ ಎಂಬ ಉಪಪಾಲಿಸಿಗಳು ಬೇಕೇ ಎಂದು ಒಂದೊಂದಾಗಿ ಯೋಚಿಸಿ. ಬಾಯ್ಲರ್ ಸೇವೆ ಈಗಾಗಲೇ ಇದ್ದರೆ ಎರಡನೆಯದು ವ್ಯರ್ಥ.

2022ರ ಜನವರಿಯಿಂದ, ನವೀಕರಿಸುವ ಹಳೆಯ ಗ್ರಾಹಕರಿಗೆ ಅದೇ ಕಂಪನಿಯ ಹೊಸ ಗ್ರಾಹಕರಿಗಿಂತ ಹೆಚ್ಚು ದರ ಹಾಕುವಂತಿಲ್ಲ. ಆದರೂ ಬೇರೆ ಕಂಪನಿ ಅಗ್ಗವಿರಬಹುದು. ಹಾಗೆಂದು ವರ್ಷ ವರ್ಷ ಹಾರುವುದು ನನಗೆ ಇಷ್ಟವಿಲ್ಲ. ನಿಮ್ಮ ಕೆಲಸವನ್ನು ಬರಹದಲ್ಲಿ ಒಪ್ಪಿಕೊಂಡ ಕಂಪನಿ ಸಿಕ್ಕಿದ್ದರೆ, ಇಪ್ಪತ್ತು ಪೌಂಡ್ ಆಸೆಗೆ ಅದನ್ನು ಬಿಡಬೇಡಿ.

ಕೊಂಡ ಮೇಲೆ

ಕಾಗದಪತ್ರ ಬಂದ ದಿನವೇ ಉದ್ಯೋಗ, ವ್ಯಾಪಾರ ಬಳಕೆ ಎಂಬ ಎರಡು ಸಾಲುಗಳನ್ನು ನೋಡಿ. ತಪ್ಪಿದ್ದರೆ ತಿದ್ದಿಸಿ, ಒಪ್ಪಿಗೆಯಾಗದಿದ್ದರೆ 14 ದಿನಗಳೊಳಗೆ ಪಾಲಿಸಿ ಬಿಡಬಹುದು, ಅಷ್ಟು ದಿನದ ದರವನ್ನೋ ಸಣ್ಣ ಶುಲ್ಕವನ್ನೋ ಹಿಡಿದುಕೊಂಡಾರು. ಮಕ್ಕಳ ಸಂಖ್ಯೆ ಹೆಚ್ಚಾದರೆ, ಸಹಾಯಕಿ ಬಂದರೆ, ಹಿತ್ತಲಿನಲ್ಲಿ ಆಟದ ಕೋಣೆ ಕಟ್ಟಿದರೆ ನವೀಕರಣದವರೆಗೆ ಕಾಯದೆ ತಿಳಿಸಿ. ಮಕ್ಕಳನ್ನು ಶಾಲೆಯಿಂದ ಕಾರಿನಲ್ಲಿ ಕರೆತರುವುದಾದರೆ ಕಾರಿನ ವಿಮೆಯಲ್ಲಿ ವ್ಯವಹಾರದ ಬಳಕೆ ಸೇರಿಸಿ.

ಊರಿಗೆ ಹೋಗುವವರು ಗಮನಿಸಿ. ಬೇಸಿಗೆ ರಜೆಯಲ್ಲಿ ಆರು ವಾರ ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಕಳೆಯುವುದು ನಮ್ಮಲ್ಲಿ ಸಾಮಾನ್ಯ. ಅನೇಕ ಪಾಲಿಸಿಗಳಲ್ಲಿ ಮನೆ ಸತತ 30 ದಿನ ಖಾಲಿ ಬಿದ್ದರೆ ಕಳವು ಮತ್ತು ನೀರು ಸೋರಿಕೆಯ ರಕ್ಷಣೆ ನಿಂತುಹೋಗುತ್ತದೆ. ಕೆಲವು 60 ದಿನ ಕೊಡುತ್ತವೆ. ಕೊಳ್ಳುವಾಗಲೇ 60 ದಿನದ್ದನ್ನು ಆರಿಸಿ, ಹೊರಡುವ ಮುನ್ನ ನೀರಿನ ಮುಖ್ಯ ನಲ್ಲಿ ಮುಚ್ಚಿ.

ಕ್ಲೇಮ್ ತಿರಸ್ಕೃತವಾದರೆ ಮೊದಲು ಕಂಪನಿಗೇ ದೂರು ಕೊಡಿ. ಅಂತಿಮ ಉತ್ತರಕ್ಕೆ ಅವರಿಗೆ ಎಂಟು ವಾರಗಳ ಅವಕಾಶವಿದೆ. ಉತ್ತರ ಬಾರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಸೇವೆಗೆ (ಇಂಥ ದೂರುಗಳನ್ನು ತೀರ್ಮಾನಿಸುವ ಸ್ವತಂತ್ರ ಸಂಸ್ಥೆ) ಹೋಗಿ. ಅಂತಿಮ ಉತ್ತರ ಬಂದ ಮೇಲೆ ಅದಕ್ಕೆ ಆರು ತಿಂಗಳ ಗಡುವು. ಸೇವೆ ಉಚಿತ. ಪರಿಹಾರದಲ್ಲಿ ಪಾಲು ಕೇಳಿಕೊಂಡು ಬರುವ ಮಧ್ಯವರ್ತಿಗಳನ್ನು ಹತ್ತಿರ ಸೇರಿಸಬೇಡಿ. ಫೋನಿನ ದಿನಾಂಕವೂ ಇಮೇಲೂ ಜೊತೆಗಿದ್ದರೆ ಆ ಅರ್ಜಿಯನ್ನು ನೀವೇ ತುಂಬಬಹುದು.