ಮೂಲೆಮಟ್ಟ ಇಲ್ಲದ ಅಂಗಳ, ಆರ್ಥೋ ಹಾಕಿಕೊಂಡು ಕೂತ ನಾನು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಜಿನಿಯರ್ ಅಲ್ಲ. ಡಿಪ್ಲೊಮಾ ಮುಗಿಸಿ ಸಾಗರದಲ್ಲಿ ಒಂದು ಸಣ್ಣ ರೂಮು ಮಾಡಿಕೊಂಡು ಆಟೋಕ್ಯಾಡ್ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರಲ್ಲಿ ಮನೆ ಪ್ಲಾನ್ ಬರೆದುಕೊಡುವ ಡ್ರಾಫ್ಟ್ಸ್‌ಮನ್. ಊರ ಕಡೆ ಹೋದರೆ ಮಾತ್ರ ಎಲ್ಲರೂ "ಇಂಜಿನಿಯರ್ರೇ" ಅಂತಲೇ ಕರೆಯುತ್ತಾರೆ, ಬೇಡ ಅಂದರೂ ಬಿಡುವುದಿಲ್ಲ.

ಹೊಸ ಸೈಟಿಗೆ ಪ್ಲಾನ್ ಬರೆಯುವುದು ಸುಲಭ. 30-40 ಸೈಟು, ನಾಲ್ಕು ಗೆರೆ, ಆಫ್‌ಸೆಟ್, ಟ್ರಿಮ್, ಮುಗೀತು. ಇರುವ ಮನೆಯನ್ನು ಅಳೆದು ಕಂಪ್ಯೂಟರಿಗೆ ಇಳಿಸಿ, ಆಮೇಲೆ ಅದರಲ್ಲಿ ಇದನ್ನು ಸರಿಸಿ ಅದನ್ನು ಹಿಗ್ಗಿಸಿ ಅಂತ ಮಾಡುತ್ತೇವಲ್ಲ, ಅದು ಬೇರೆಯೇ ಕೆಲಸ. ನಾನು ಅದನ್ನು ಕಲಿತದ್ದು ಒಂದು ಹಳೇ ಅಂಗಳದ ಮನೆಯಲ್ಲಿ, ಬೇರೆಯವರ ಮರ ಹಾಳು ಮಾಡಿ.

ಮನೆ ಸಾಗರದಿಂದ ಒಳಗೆ, ತೋಟದ ತಲೆಯಲ್ಲಿ. ಅಜ್ಜನ ಕಾಲದ್ದು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ನಡುವೆ ಒಳ ಅಂಗಳ, ಸುತ್ತ ಹತ್ತು ಅಡಿ ಅಗಲದ ಜಗಲಿ, ಮೇಲೆ ಮಂಗಳೂರು ಹಂಚು. ಮಾಡಿನ (ಚಾವಣಿಯ) ಇಳಿಜಾರು ಮರ ಪಕಾಸಿ, ಅದರ ಮೇಲಿನ ಅಡ್ಡಪಟ್ಟಿ ರೀಪು ಎಲ್ಲ ವರಲೆ (ಗೆದ್ದಲು) ಹಿಡಿದು ಹೋಗಿತ್ತು. ಅಡಿಕೆ ಕೊಯ್ಲು ಮುಗಿದ ಮೇಲೆ ಶುರು ಮಾಡಿ ಮಳೆಗಾಲ ಹಿಡಿಯುವುದರೊಳಗೆ ಹಂಚು ಹೊದಿಸಿ ಆಗಬೇಕು ಅಂತ ಯಜಮಾನರ ಲೆಕ್ಕ. ಜೊತೆಗೆ ಬಚ್ಚಲನ್ನು ಕೊಟ್ಟಿಗೆ ಕಡೆಗೆ ಎರಡು ಅಡಿ ದೊಡ್ಡದು ಮಾಡಿ ಒಂದು ಕಮೋಡ್ ಕೂರಿಸಬೇಕು, ಅಮ್ಮನಿಗೆ ಮಂಡಿ ನೋವು.

ಅಳತೆಗೆ ನಾನೊಬ್ಬನೇ ಹೋದೆ. ಟೇಪಿನ ಇನ್ನೊಂದು ತುದಿ ಹಿಡಿಯೋಕೆ ಅವರ ಮನೆ ಹುಡುಗ. ಅಂಗಳದ ನಾಲ್ಕು ಬದಿ ಅಳೆದೆವು. ಉದ್ದ ಎರಡೂ ಕಡೆ 18 ಅಡಿ, ಅಗಲ ಎರಡೂ ಕಡೆ 12 ಅಡಿ. ಎದುರು ಬದುರು ಸರಿಯಾಗಿದೆ, ಇನ್ನೆಂತ ಬೇಕು ಅಂದುಕೊಂಡೆ. ಮೂಲೆಯಿಂದ ಮೂಲೆಗೆ ಅಳೆಯಲಿಲ್ಲ. ಅಂಗಳದ ನಟ್ಟ ನಡುವೆ ತುಳಸಿಕಟ್ಟೆ ಇತ್ತು, ಟೇಪು ಅಡ್ಡ ಹೋಗುತ್ತಿರಲಿಲ್ಲ. ನೆಪಕ್ಕೆ ಇದು ಚೆನ್ನಾಗಿದೆ, ಆದರೆ ನಿಜ ಹೇಳಬೇಕು ಅಂದರೆ ಅಳೆಯಬೇಕು ಅಂತ ಹೊಳೆಯಲೇ ಇಲ್ಲ.

ರೂಮಿಗೆ ಬಂದು ಎಫ್ 8 ಒತ್ತಿ ಆರ್ಥೋ ಹಾಕಿಕೊಂಡು ಕೂತೆ. ಆರ್ಥೋ ಹಾಕಿದರೆ ಗೆರೆ ಒಂದೋ ಅಡ್ಡ, ಇಲ್ಲವೋ ನೆಟ್ಟಗೆ ಮೇಲೆ ಕೆಳಗೆ, ಬೇರೆ ಕಡೆ ಹೋಗುವುದೇ ಇಲ್ಲ. 18 ಅಡಿ ಬಲಕ್ಕೆ, 12 ಅಡಿ ಮೇಲಕ್ಕೆ, 18 ಎಡಕ್ಕೆ, ಕ್ಲೋಸ್. ಎಷ್ಟು ಚಂದ ಕೂತಿತು ಅಂದರೆ ಮನೆ ಹಾಗೇ ಇದೆ ಅಂತ ನನಗೇ ನಂಬಿಕೆ ಬಂತು. ಅದರ ಸುತ್ತ ಜಗಲಿ, ಮೇಲೆ ಮಾಡು. ಅಂಗಳದ ನಾಲ್ಕು ಮೂಲೆಯಲ್ಲಿ ಎರಡು ಮಾಡು ಸೇರುವ ಕಡೆ ಓರೆಗೆ ಒಂದೊಂದು ದಪ್ಪ ಮರ ಬರುತ್ತದೆ, ಮಳೆ ನೀರೆಲ್ಲ ಅದರ ಮೇಲಿನ ತಗಡಲ್ಲೇ ಇಳಿದು ಅಂಗಳಕ್ಕೆ ಬೀಳುವುದು. ಒಂದು ಮೂಲೆಗೆ ಆ ಮರ ಬರೆದು ಮಿರರ್ ಹೊಡೆದೆ (ಕನ್ನಡಿಯಲ್ಲಿ ಕಂಡ ಹಾಗೆ ಎದುರಿಗೆ ಒಂದು ಕಾಪಿ), ಇನ್ನೊಂದು ಸಲ ಮಿರರ್, ನಾಲ್ಕೂ ರೆಡಿ. ನಾಲ್ಕೂ ಒಂದೇ ಉದ್ದ. ಪ್ರಿಂಟ್ ತೆಗೆದು ಮರಗೆಲಸದ ಆಚಾರ್ರಿಗೆ ಕೊಟ್ಟೆ.

ಆಚಾರ್ರು ನಾಲ್ಕನ್ನೂ ಕೊಯ್ದರು. ಹಳೇ ಹಲಸಿನ ಮರ, ಮನೆಯವರೇ ಇಟ್ಟುಕೊಂಡಿದ್ದು. ಏರಿಸುವ ದಿನ ಫೋನ್ ಬಂತು. "ಇಂಜಿನಿಯರ್ರೇ, ಒಂಚೂರು ಬನ್ನಿ. ಎರಡು ಗಿಡ್ಡ, ಎರಡು ಉದ್ದ ಆಗ್ತಾ ಉಂಟು."

ಹೋಗಿ ನೋಡಿದರೆ ಹೌದು, ಎರಡು ಮೂಲೆಯಲ್ಲಿ ಮೂರು ಇಂಚಿಗಿಂತ ಜಾಸ್ತಿ ಗಿಡ್ಡ. ಆಚಾರ್ರು ಬೈಯಲಿಲ್ಲ. ತುಳಸಿಕಟ್ಟೆಗಿಂತ ಎತ್ತರದಲ್ಲಿ ಕಂಬದಿಂದ ಕಂಬಕ್ಕೆ ದಾರ ಎಳೆದರು, ಒಂದು ಕಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ. ಒಂದು 21 ಅಡಿ 3 ಇಂಚು, ಇನ್ನೊಂದು 22 ಅಡಿ. ಮೂಲೆ ಮಟ್ಟ, ಅಂದರೆ ಸರಿಯಾಗಿ 90 ಡಿಗ್ರಿ, ಇದ್ದಿದ್ದರೆ ಎರಡೂ 21 ಅಡಿ ಏಳೂವರೆ ಇಂಚಿನ ಹತ್ತಿರ ಬರಬೇಕಿತ್ತು. ಅಂದರೆ ಇಡೀ ಅಂಗಳ ಒಂದು ಕಡೆಗೆ ವಾಲಿದೆ. "ನಿಮ್ಮ ಕಂಪ್ಯೂಟರಲ್ಲಿ ಮೂಲೆ ಸರಿ ಇರಬಹುದು, ಈ ಮನೆಗೆ ಯಾವತ್ತೂ ಇರಲಿಲ್ಲ" ಅಂದರು. ಯಜಮಾನರು ಜಗಲಿ ಮೇಲೆ ಕೂತು ಕವಳ (ಎಲೆ ಅಡಿಕೆ) ಹಾಕುತ್ತಾ, "ಇರಲಿ ಬಿಡು ತಮ್ಮಾ, ಮೊದಲು ಚಾ ಕುಡಿ" ಅಂದದ್ದು ಇನ್ನೂ ಜಾಸ್ತಿ ಕಷ್ಟವಾಯಿತು.

ಮರ ಕೊಯ್ದದ್ದಕ್ಕೆ ಆದ ಖರ್ಚಲ್ಲಿ ಅರ್ಧ ನಾನೇ ಕೊಟ್ಟೆ. ಗಿಡ್ಡವಾದ ಎರಡು ಮರ ಕೊಟ್ಟಿಗೆ ಮಾಡಿಗೆ ಹೋಯಿತು.

ಈಗ ಡ್ರಾಯಿಂಗ್ ಸರಿ ಮಾಡಿದ ಕತೆ. ಮೊದಲು ಅಂಗಳ. ಆರ್ಥೋ ಆಫ್. ಕೆಳಗಿನ 18 ಅಡಿ ಗೆರೆ ಒಂದನ್ನೇ ಇಟ್ಟುಕೊಂಡು ಉಳಿದ ಮೂರೂ ಅಳಿಸಿದೆ. ಎಡ ತುದಿಯಲ್ಲಿ 12 ಅಡಿ ರೇಡಿಯಸ್ಸಿನ ಸರ್ಕಲ್, ಬಲ ತುದಿಯಲ್ಲಿ 21 ಅಡಿ 3 ಇಂಚಿನ ಸರ್ಕಲ್. ಎರಡೂ ಮೇಲೆ ಕತ್ತರಿಸುವ ಜಾಗವೇ ಮೇಲಿನ ಎಡ ಮೂಲೆ. ಶಾಲೆಯಲ್ಲಿ ಕಂಪಾಸಿನಲ್ಲಿ ತ್ರಿಕೋನ ಬರೆಯುತ್ತಿದ್ದೆವಲ್ವಾ, ಅದೇ. ಹಾಗೆಯೇ ಎಡ ತುದಿಯಿಂದ 22 ಅಡಿ, ಬಲ ತುದಿಯಿಂದ 12 ಅಡಿ, ಮೇಲಿನ ಬಲ ಮೂಲೆ ಸಿಕ್ಕಿತು. ಮೇಲಿನ ಎರಡು ಮೂಲೆ ಸೇರಿಸಿ ಡಿಸ್ಟೆನ್ಸ್ ನೋಡಿದರೆ 18 ಅಡಿಗೆ ಒಂದು ನೂಲು ಚಿಲ್ಲರೆ ಕಡಿಮೆ. ಇಂಚಿಗೆ ಎಂಟು ನೂಲು, ಮಣ್ಣಿನ ಗೋಡೆಗೆ ಇದು ಏನೂ ಅಲ್ಲ. ಅಳತೆ ಸರಿ ಇದೆಯೋ ಇಲ್ಲವೋ ಅಂತ ನೋಡೋಕೆ ಈ ನಾಲ್ಕನೇ ಬದಿಯೇ ಸಾಕ್ಷಿ. ಮೇಲಿನ ಮೂಲೆಗಳು ಮುಂಚೆ ಇದ್ದ ಜಾಗಕ್ಕಿಂತ ಐದೂವರೆ ಇಂಚು ಬಲಕ್ಕೆ ಹೋಗಿದ್ದವು. ಹನ್ನೆರಡು ಅಡಿಗೆ ಐದೂವರೆ ಇಂಚು, ಕಣ್ಣಿಗೆ ಕಾಣುವುದೇ ಇಲ್ಲ. ಅಷ್ಟು ವರ್ಷದಿಂದ ಆ ಮನೆಯಲ್ಲಿರುವವರಿಗೂ ಗೊತ್ತಿರಲಿಲ್ಲ.

ಅಂಗಳ ಆಯಿತು. ಆದರೆ ಮುಂಚೆ ಬರೆದ ಜಗಲಿ, ಕಂಬ, ಬಾಗಿಲು, ಗೋಡೆ ಎಲ್ಲ ಹಳೇ ಚೌಕದಲ್ಲೇ ಇವೆ. ಆಟೋಕ್ಯಾಡಲ್ಲಿ ಇಡೀ ಚಿತ್ರವನ್ನು ಹೀಗೆ ಒಂದು ಬದಿಗೆ ವಾಲಿಸುವ ಕಮಾಂಡು ನೇರವಾಗಿ ಇಲ್ಲ. ಎಲ್ಲ ಅಳಿಸಿ ಮತ್ತೆ ಬರೆಯೋಣ ಅನ್ನಿಸಿತು. ಆಮೇಲೆ ಒಂದೊಂದು ಬದಿಯನ್ನೇ ಬೇರೆ ಬೇರೆ ಹಿಡಿದು ಅಲೈನ್ ಮಾಡಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅಲೈನ್ ಅಂದರೆ ಮೂವ್ ಮತ್ತು ರೊಟೇಟ್ ಒಟ್ಟಿಗೆ. ಎಡಗಡೆ ಜಗಲಿಯ ಸಾಮಾನೆಲ್ಲ ಸೆಲೆಕ್ಟ್ ಮಾಡಿ, ಹಳೇ ಕೆಳ ಮೂಲೆ ತೋರಿಸಿ ಹೊಸ ಕೆಳ ಮೂಲೆ ತೋರಿಸಿ, ಹಳೇ ಮೇಲಿನ ಮೂಲೆ ತೋರಿಸಿ ಹೊಸ ಮೇಲಿನ ಮೂಲೆ ತೋರಿಸಿ ಎಂಟರ್ ಹೊಡೆದರೆ ಇಡೀ ಬದಿ ಹೋಗಿ ಓರೆಯಾಗಿ ಕೂರುತ್ತದೆ. ಕೊನೆಗೆ ಸ್ಕೇಲ್ ಮಾಡಲೇ ಅಂತ ಒಂದು ಪ್ರಶ್ನೆ ಕೇಳುತ್ತದೆ. ಇಲ್ಲಿ ನೋ ಅನ್ನಬೇಕು. ನಾನು ಮೇಲಿನ ಬದಿಗೆ ಗಡಿಬಿಡಿಯಲ್ಲಿ ಯೆಸ್ ಕೊಟ್ಟಿದ್ದೆ, ಒಂದು ನೂಲಿನ ವ್ಯತ್ಯಾಸ ಸರಿ ಮಾಡೋಕೆ ಹೋಗಿ ಅದು ಗೋಡೆಯ ದಪ್ಪವನ್ನೂ ಸಣ್ಣ ಮಾಡಿತ್ತು. ಡೈಮೆನ್ಶನ್ ಹಾಕುವಾಗ 18 ಇಂಚಿನ ಗೋಡೆ 17.99 ಅಂತ ತೋರಿಸಿದಾಗಲೇ ಗೊತ್ತಾದದ್ದು.

ಮೂಲೆಗಳಲ್ಲಿ ಗೆರೆಗಳು ಒಂದಕ್ಕೊಂದು ದಾಟಿಕೊಂಡೋ ಮುಟ್ಟದೆಯೋ ನಿಂತವು. ಅದಕ್ಕೆ ಫಿಲೆಟ್, ರೇಡಿಯಸ್ ಸೊನ್ನೆ. ಎರಡು ಗೆರೆ ಮುಟ್ಟಿದರೆ ಮೂಲೆ ಕೂಡುತ್ತದೆ. ಹೆಚ್ಚು ಕಡಿಮೆ ಇಡೀ ಮನೆಯ ಮೂಲೆಗಳನ್ನು ಇದರಲ್ಲೇ ಹೊಲಿದೆ.

ಕಂಬಗಳದ್ದು ಬೇರೆ ತಲೆನೋವು. ಕಂಬವನ್ನು ಬ್ಲಾಕ್ ಮಾಡಿ, ಅಂದರೆ ಗೆರೆಗಳನ್ನೆಲ್ಲ ಒಂದೇ ಸಾಮಾನಾಗಿ ಕಟ್ಟಿ ಇಟ್ಟಿದ್ದೆ, ಒಳ್ಳೆಯದೇ. ಆದರೆ ಬ್ಲಾಕ್ ಮಾಡುವಾಗ ಬೇಸ್ ಪಾಯಿಂಟ್ (ಎಲ್ಲಿ ಹಿಡಿದು ಕೂರಿಸಬೇಕು ಅನ್ನುವ ಬಿಂದು) ಕೊಡದೆ ಸುಮ್ನೆ ಓಕೆ ಒತ್ತಿದ್ದೆ, ಹಾಗಾಗಿ ಅದು ಡ್ರಾಯಿಂಗಿನ ಮೂಲ ಬಿಂದುವಾದ ಸೊನ್ನೆ ಕಾಮ ಸೊನ್ನೆಯನ್ನೇ ಹಿಡಿದುಕೊಂಡಿತ್ತು. ಹೊಸ ಕಂಬ ಇನ್ಸರ್ಟ್ ಮಾಡಿದರೆ ಕರ್ಸರ್ ಇಲ್ಲಿ, ಕಂಬ ಅಲ್ಲೆಲ್ಲೋ ತೋಟದಾಚೆ. ಬ್ಲಾಕ್ ಎಡಿಟರ್ ಒಳಗೆ ಹೋಗಿ ಕಂಬದ ಮಧ್ಯವನ್ನು ಹಿಡಿದು ಸೊನ್ನೆಗೆ ಮೂವ್ ಮಾಡಿದೆ. ಹೊಸದು ಸರಿಯಾಯಿತು, ಆದರೆ ಮುಂಚೆ ಹಾಕಿದ್ದ ಕಂಬಗಳೆಲ್ಲ ಅಷ್ಟೇ ದೂರ ಎದ್ದು ಹೋದವು! ಬ್ಲಾಕ್ ಒಳಗೆ ಸರಿಸಿದರೆ ಹೊರಗಿರುವುದೆಲ್ಲ ಸರಿಯಲೇಬೇಕಲ್ಲ, ಅಷ್ಟು ಹೊಳೆಯಲಿಲ್ಲ. ಅವನ್ನೆಲ್ಲ ಅಳಿಸಿ ಒಂದೊಂದೇ ಮತ್ತೆ ಕೂರಿಸಿದೆ, ಗೆರೆ ಕೂಡುವ ಬಿಂದುವನ್ನು ಕರ್ಸರ್ ತಾನೇ ಹಿಡಿಯುವ ಓಸ್ನ್ಯಾಪಲ್ಲಿ ಇಂಟರ್‌ಸೆಕ್ಷನ್ ಹಾಕಿಕೊಂಡು. ಮೂವ್ ಇರಲಿ, ಕಾಪಿ ಇರಲಿ, ಸಾಮಾನು ಎಲ್ಲಿ ಹಿಡಿಯುತ್ತೇನೆ ಅನ್ನುವುದನ್ನು ಈಗ ಮೊದಲು ಯೋಚಿಸುತ್ತೇನೆ. ಕಣ್ಣಳತೆಯಲ್ಲಿ ಹತ್ತಿರ ತಂದು ಬಿಟ್ಟರೆ ಸ್ಕ್ರೀನಲ್ಲಿ ಮುಟ್ಟಿದ ಹಾಗೆ ಕಾಣುತ್ತದೆ, ಝೂಮ್ ಮಾಡಿದರೆ ನಡುವೆ ಇರುವೆ ಹೋಗುವಷ್ಟು ಸಂದು.

ಪಕಾಸಿಗೆ ಅರೇ, ಒಂದೇ ಸಾಮಾನನ್ನು ಸಮ ಅಂತರದಲ್ಲಿ ಸಾಲಾಗಿ ಇಡುವ ಕಮಾಂಡು. ಎರಡಡಿಗೆ ಒಂದು ಅಂತ ಮೊದಲು ಹಾಕಿದ್ದೆ, ಆಚಾರ್ರು ಇನ್ನೂ ಹತ್ತಿರ ಬೇಕು, ಇಲ್ಲಿಯ ಮಳೆಗೆ ಹಂಚು ತಡೆಯಬೇಕಲ್ಲ ಅಂದರು. 2012ರ ವರ್ಷನ್‌ನಿಂದ ಅರೇ ಹಾಕಿದ ಮೇಲೂ ಅಂತರ ಬದಲಾಯಿಸಬಹುದು, ಕ್ಲಿಕ್ ಮಾಡಿ ಹೊಸ ನಂಬರ್ ಕೊಟ್ಟರೆ ಅಷ್ಟೂ ಪಕಾಸಿ ತಾನೇ ಸರಿದು ಕೂರುತ್ತದೆ. ಅಟ್ಟದ ಕಿಂಡಿಗೆ ಅಡ್ಡ ಬರುವ ಒಂದನ್ನು ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿ ಅಳಿಸಿದೆ, ಉಳಿದದ್ದಕ್ಕೆ ಏನೂ ಆಗಲಿಲ್ಲ. ಆದರೆ ಆ ಮೂಲೆಯ ಓರೆ ಮರದ ಹತ್ತಿರ ಪಕಾಸಿ ಒಂದೊಂದೂ ಬೇರೆ ಬೇರೆ ಉದ್ದಕ್ಕೆ ಕಡಿಯಬೇಕು, ಅರೇ ಹಾಗೇ ಇದ್ದರೆ ಟ್ರಿಮ್ ಆಗುವುದಿಲ್ಲ. ಎಕ್ಸ್‌ಪ್ಲೋಡ್ ಮಾಡಲೇಬೇಕು, ಅಂದರೆ ಬಿಡಿ ಬಿಡಿ ಗೆರೆಯಾಗಿ ಒಡೆಯಬೇಕು. ಎಕ್ಸ್‌ಪ್ಲೋಡ್ ಮಾಡಿದ ಮೇಲೆ ಅಂತರ ಬದಲಾಯಿಸೋಕೆ ಆಗುವುದಿಲ್ಲ. ಹಾಗಾಗಿ ಆಚಾರ್ರು ಅಂತರ ಒಪ್ಪಿದ ಮೇಲೆಯೇ ಒಡೆದೆ, ಒಡೆಯುವ ಮುಂಚೆ ಒಂದು ಕಾಪಿ ಪಕ್ಕದಲ್ಲಿ ಇಟ್ಟುಕೊಂಡೆ.

ಮಿರರ್ ಮಾತ್ರ ಈ ಮನೆಯಲ್ಲಿ ಮತ್ತೆ ಮುಟ್ಟಲಿಲ್ಲ.

ಬಚ್ಚಲನ್ನು ಎರಡಡಿ ಹಿಗ್ಗಿಸೋಕೆ ಸ್ಟ್ರೆಚ್. ಇದಕ್ಕೆ ಬಲದಿಂದ ಎಡಕ್ಕೆ ಹಸಿರು ಚೌಕ ಎಳೆದೇ ಸೆಲೆಕ್ಟ್ ಮಾಡಬೇಕು. ಎಡದಿಂದ ಬಲಕ್ಕೆ ಎಳೆದರೆ ನೀಲಿ ಬರುತ್ತದೆ, ಪೂರ್ತಿ ಒಳಗಿದ್ದದ್ದು ಮಾತ್ರ ಹಿಡಿಯುತ್ತದೆ, ಹಿಡಿದದ್ದನ್ನು ಹಿಗ್ಗಿಸುವ ಬದಲು ಸರಿಸಿಬಿಡುತ್ತದೆ. ಹಸಿರಲ್ಲಿ ಚೌಕದ ಒಳಗೆ ಬಿದ್ದ ತುದಿ ಸರಿಯುತ್ತದೆ, ಹೊರಗಿನ ತುದಿ ಅಲ್ಲೇ ಇರುತ್ತದೆ. ಬ್ಲಾಕ್ ಇದ್ದರೆ ಅದು ಹಿಗ್ಗುವುದಿಲ್ಲ, ಬೇಸ್ ಪಾಯಿಂಟ್ ಚೌಕದ ಒಳಗಿದ್ದರೆ ಇಡಿಯಾಗಿ ಹೋಗುತ್ತದೆ, ಹೊರಗಿದ್ದರೆ ಅಲ್ಲಾಡುವುದಿಲ್ಲ. ಬಾಗಿಲು ಹಾಗೇ ಗೋಡೆ ಬಿಟ್ಟು ನಿಂತದ್ದು ನೋಡಿ ತಲೆ ಕೆರೆದುಕೊಂಡಿದ್ದೆ, ಕಾರಣ ಮತ್ತೆ ಅದೇ ಬೇಸ್ ಪಾಯಿಂಟು.

ಕಮೋಡನ್ನು ಇಂಟರ್ನೆಟ್ಟಿಂದ ಇಳಿಸಿದ ಬ್ಲಾಕ್ ತಂದು ಹಾಕಿದೆ. ಅದು 700 ಮಿಲಿಮೀಟರಲ್ಲಿ ಬರೆದದ್ದು, ನನ್ನ ಡ್ರಾಯಿಂಗ್ ಇಂಚಲ್ಲಿ, ಫೈಲಿಗೆ ಯೂನಿಟ್ ಕೊಟ್ಟಿರಲಿಲ್ಲ. 700 ಇಂಚು ಅಂದರೆ 58 ಅಡಿಯ ಕಮೋಡು, ಕೊಟ್ಟಿಗೆ ದಾಟಿ ಅಡಿಕೆ ಚಪ್ಪರದವರೆಗೆ ಮಲಗಿತ್ತು. 25.4ರಿಂದ ಭಾಗಿಸಿ ಸ್ಕೇಲ್ ಮಾಡಿದೆ.

ಇದೆಲ್ಲ ನಡೆದದ್ದು ಏಪ್ರಿಲಲ್ಲಿ. ಸಂಜೆ ಗುಡುಗು ಶುರುವಾದರೆ ಕರೆಂಟು ಗ್ಯಾರಂಟಿ ಹೋಗುತ್ತದೆ, ನನ್ನ ಯುಪಿಎಸ್ಸಿನ ಬ್ಯಾಟರಿ ಹೆಸರಿಗಷ್ಟೇ. ಅಲೈನ್ ಮುಗಿಸಿ ಕಂಬ ಕೂರಿಸುತ್ತಿದ್ದಾಗ ಒಂದು ಸಲ ಹೋಯಿತು. ತಾನೇ ಸೇವ್ ಆಗುವ ಸಮಯ ಹತ್ತು ನಿಮಿಷಕ್ಕೆ ಇತ್ತು, ಆ ಹತ್ತು ನಿಮಿಷದಲ್ಲಿ ಕೂರಿಸಿದ ಕಂಬಗಳು ಹೋದವು, ಅಷ್ಟೇ. ಈಗ ಮೂರು ನಿಮಿಷಕ್ಕೆ ಇಟ್ಟುಕೊಂಡಿದ್ದೇನೆ.

ಕೊನೆಯ ಕೆಲಸ ಜೋಡಣೆ. ಬಚ್ಚಲಿನ ನೆಲಕ್ಕೆ ಹ್ಯಾಚ್ (ಜಾಗ ತುಂಬುವ ಗೆರೆ ವಿನ್ಯಾಸ) ಹಾಕಿದ ಕೂಡಲೇ ಅಕ್ಷರ ಅದರ ಅಡಿಗೆ ಹೋಗಿ ಮುಚ್ಚಿಕೊಂಡಿತ್ತು. ಹ್ಯಾಚ್ ಟು ಬ್ಯಾಕ್ ಅಂತ ಒಂದೇ ಕಮಾಂಡು, ಎಲ್ಲ ಹ್ಯಾಚೂ ಹಿಂದೆ ಹೋಗುತ್ತದೆ. ಎಳೆದಾಡುವಾಗ ಒಂದರ ಮೇಲೊಂದು ಬಿದ್ದ ಡಬಲ್ ಗೆರೆಗಳನ್ನು ಅಳಿಸೋಕೆ ಓವರ್‌ಕಿಲ್. ಅಳತೆಯ ಪಟ್ಟಿಯನ್ನು ಕನ್ನಡದಲ್ಲೇ ಬರೆದೆ, ಯೂನಿಕೋಡ್ ಫಾಂಟಲ್ಲಿ. ಮುಂಚೆ ನುಡಿ ಫಾಂಟಲ್ಲಿ ಬರೆದುಕೊಡುತ್ತಿದ್ದೆ, ಆ ಫಾಂಟ್ ಇಲ್ಲದ ಪ್ರಿಂಟ್ ಅಂಗಡಿಯಲ್ಲಿ ತೆರೆದರೆ ದೇವರಿಗೂ ಓದೋಕೆ ಆಗದ ಅಕ್ಷರ ಬರುತ್ತಿತ್ತು.

ಹೊಸ ಪ್ರಿಂಟಲ್ಲಿ ಮೂಲೆ ಮರ ನಾಲ್ಕಕ್ಕೂ ಬೇರೆ ಬೇರೆ ಅಳತೆ ಕೊಟ್ಟು, ಒಂದು, ಎರಡು, ಮೂರು, ನಾಲ್ಕು ಅಂತ ನಂಬರ್ ಹಾಕಿ ತೆಗೆದುಕೊಂಡು ಹೋದೆ. ಆಚಾರ್ರು ಹಾಳೆಯನ್ನು ಜಗಲಿ ಮೇಲೆ ಹರಡಿಕೊಂಡು ಕನ್ನಡಕ ಹಾಕಿ ಓದಿದರು. ಆಮೇಲೆ ಏಣಿ ಹತ್ತಿ ನಾಲ್ಕು ಮೂಲೆಗೂ ದಾರ ಹಿಡಿದು ತಾವೇ ಮತ್ತೆ ಅಳೆದು, ನನ್ನ ನಂಬರಿನ ಪಕ್ಕ ಪೆನ್ಸಿಲಲ್ಲಿ ಅವರ ನಂಬರ್ ಬರೆದರು. ಎರಡು ಸರಿಯಾಗಿ ಹೊಂದಿತು. ಇನ್ನೆರಡರಲ್ಲಿ ಎರಡು ನೂಲು ಹೆಚ್ಚು ಕಡಿಮೆ ಇತ್ತು.

ಪೆನ್ಸಿಲಿನ ಅಳತೆಗೇ ಕೊಯ್ದರು.