ಒಂದೇ ಕಾದಂಬರಿಯ ಎರಡು ಪ್ರತಿ
ಅಮೆರಿಕದಲ್ಲಿರುವ ನಾವು ಕ್ರಿಸ್‌ಮಸ್ ವೇಳೆಗೆ ಸೈನಿಕ ಕುಟುಂಬಗಳಿಗೆ ಪ್ರೇಮ ಕಾದಂಬರಿಗಳನ್ನು ಉಚಿತವಾಗಿ ಹಂಚುವಾಗ ಒಂದೇ ಕಾದಂಬರಿಯ ಎರಡು ಪ್ರತಿಗಳನ್ನು ಕೊಂಡು, ಒಂದನ್ನು ಮನೆಯಲ್ಲಿರುವ ಸಂಗಾತಿಗೆ ಕೊಟ್ಟು, ಇನ್ನೊಂದನ್ನು ಹೊರದೇಶದ ನೆಲೆಯಲ್ಲಿರುವ ಸೈನಿಕರ ಎಪಿಒ (ಸೇನಾ ಅಂಚೆ ಕಚೇರಿ) ವಿಳಾಸಕ್ಕೆ ಕಳುಹಿಸಿ, ಎರಡರಲ್ಲೂ ಮೂರನೆಯ ಅಧ್ಯಾಯದ ಕೊನೆಗೆ ‘ಇಲ್ಲಿ ನಿಲ್ಲಿಸಿ, ಮಾತನಾಡಿಕೊಳ್ಳಿ’ ಎಂಬ ಚೀಟಿಯನ್ನು ಇಡುವುದು ಒಳ್ಳೆಯದು. ಫೋನಿನಲ್ಲಿ ಸಿಗುವ ಹತ್ತು ನಿಮಿಷವೂ ಮಕ್ಕಳ ಜ್ವರ, ಕಾರಿನ ರಿಪೇರಿಗಳಲ್ಲೇ ಮುಗಿದುಹೋಗುವವರಿಗೆ, ಇಬ್ಬರೂ ಓದುತ್ತಿರುವ ಕಥೆಯು ಬೇರೆ ಮಾತಿಗೆ ದಾರಿ ಮಾಡಿಕೊಡುತ್ತದೆ. ಪುಸ್ತಕಗಳು ಭಾರವಾದ್ದರಿಂದ ಅಂಚೆಯವರ ಫ್ಲಾಟ್ ರೇಟ್ ಪೆಟ್ಟಿಗೆ ಅನುಕೂಲ. 70 ಪೌಂಡಿನವರೆಗೆ ತೂಕಕ್ಕೆ ತಕ್ಕಂತೆ ದರ ಏರುವುದಿಲ್ಲ, ಎಪಿಒಗೂ ದೇಶದೊಳಗಿನ ದರವೇ ಅನ್ವಯಿಸುತ್ತದೆ. ವಿಳಾಸದಲ್ಲಿ ಸೈನಿಕರ ಹೆಸರು ಇರಲೇಬೇಕು, ನೆಲೆಯಿರುವ ದೇಶದ ಹೆಸರು ಇರಬಾರದು. ಕೊಲ್ಲಿ ಪ್ರದೇಶದ ಕೆಲವು ನೆಲೆಗಳಿಗೆ ಅರೆಬೆತ್ತಲೆ ಚಿತ್ರಗಳನ್ನು ಕಳುಹಿಸುವಂತಿಲ್ಲವಾದ್ದರಿಂದ ಮುಖಪುಟವನ್ನು ನೋಡಿ ಆರಿಸಿಕೊಳ್ಳಿ (ಇಂಥ ಕಾದಂಬರಿಗಳ ನಾಯಕನಿಗೆ ಅಂಗಿ ಸಿಗುವುದೇ ಅಪರೂಪ). ಇಬ್ಬರಲ್ಲಿ ಒಬ್ಬರಿಗೆ ಓದುವ ಅಭ್ಯಾಸವಿಲ್ಲದಿದ್ದರೆ, ಅಥವಾ ಸೈನಿಕರು ತಿಂಗಳುಗಟ್ಟಲೆ ಅಂಚೆ ತಲುಪದ ಹಡಗಿನಲ್ಲಿದ್ದರೆ ಈ ಉಪಾಯ ಫಲಿಸದು. ಅಂಥವರ ಮನೆಗೆ ಒಂದೇ ಪ್ರತಿ ಸಾಕು.